ಲಂಡನ್‌ನಿಂದ ನ್ಯೂಯಾರ್ಕ್‌ಗೆ 8 ಗಂಟೆ, ವಾಪಸ್ ಬರೋಕೆ 7 ಗಂಟೆ. ಯಾಕೆ ಹೀಗೆ?

ಪ್ರಶ್ನೆ

ಅಮ್ಮನನ್ನು ಕರೆದುಕೊಂಡು ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಬೇಕಿದೆ. ಅವರಿಗೆ 71 ವರ್ಷ, ಮಂಡಿ ನೋವಿದೆ, ಜಾಸ್ತಿ ಹೊತ್ತು ಒಂದೇ ಕಡೆ ಕೂರೋಕೆ ಆಗುವುದಿಲ್ಲ. ಹಾಗಾಗಿ ನನಗೆ ಸರಿಯಾದ ಲೆಕ್ಕ ಬೇಕು. ದೂರ ಸುಮಾರು 5,550 ಕಿ.ಮೀ. ಗಂಟೆಗೆ 900 ಕಿ.ಮೀ. ಅಂದರೆ 6 ಗಂಟೆ ಚಿಲ್ಲರೆ ಆಗಬೇಕು, ಅಲ್ವಾ? ಟಿಕೆಟ್‌ನಲ್ಲಿ ಹೋಗೋಕೆ 8 ಗಂಟೆ, ಬರೋಕೆ 7 ಗಂಟೆ ಅಂತಿದೆ. ಎರಡೂ ಕಡೆ ಒಂದೇ ದಾರಿ ತಾನೇ?

ಉತ್ತರ 1

ನಾನು ವಿಮಾನಗಳ ದಾರಿ, ಇಂಧನ ಲೆಕ್ಕ ಹಾಕುವ ಕೆಲಸದಲ್ಲಿದ್ದವನು. ನಿಮ್ಮ ಲೆಕ್ಕ ತಪ್ಪಲ್ಲ, ಅದರಲ್ಲಿ ಗಾಳಿ ಸೇರಿಲ್ಲ ಅಷ್ಟೇ.

ಅಟ್ಲಾಂಟಿಕ್ ಮೇಲೆ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಜಾಸ್ತಿ. ಎದುರುಗಾಳಿ 100 ಕಿ.ಮೀ. ಇದೆ ಅಂದುಕೊಳ್ಳಿ. ನಿಮ್ಮ 900 ನೆಲದ ಲೆಕ್ಕದಲ್ಲಿ 800 ಆಗುತ್ತದೆ, ಹತ್ತಿರ ಹತ್ತಿರ 7 ಗಂಟೆ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿದರೆ 1,000 ಕಿ.ಮೀ., ಐದೂವರೆ ಗಂಟೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದಿತ್ತು!

ಉಳಿದ ಸಮಯ ನೆಲದ ಮೇಲೆ ಹೋಗುತ್ತದೆ. ಟಿಕೆಟ್‌ನಲ್ಲಿರುವುದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಸಮಯ. ರನ್‌ವೇಗೆ ಸರದಿ, ಏರುವಾಗ ಇಳಿಯುವಾಗ ಕಡಿಮೆ ವೇಗ, ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಬಂದ ಮೇಲೂ ಕೆಲವೊಮ್ಮೆ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ.

ಇನ್ನು ದಾರಿ ಕೂಡ ಒಂದೇ ಅಲ್ಲ. ಗಾಳಿ ನೋಡಿಕೊಂಡು ದಿನಾ ಹೊಸ ದಾರಿ ಹಾಕುತ್ತಾರೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರಿನ ಮಧ್ಯೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಐರ್ಲೆಂಡ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಡೆಯಿಂದ ಕೆಳಗಿಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ.

ಉತ್ತರ 2

ಗಡಿಯಾರ ನೋಡಿ ಗಾಬರಿ ಆಗಬೇಡಿ. ನ್ಯೂಯಾರ್ಕ್ ಸಾಮಾನ್ಯವಾಗಿ 5 ಗಂಟೆ ಹಿಂದೆ. ಬೆಳಿಗ್ಗೆ 11ಕ್ಕೆ ಹೊರಟರೆ ಅಲ್ಲಿನ ಮಧ್ಯಾಹ್ನ 2ಕ್ಕೆ ಇಳಿಯುತ್ತೀರಿ. ಬರುವಾಗ ಸಂಜೆ 7ಕ್ಕೆ ಹತ್ತಿ ಬೆಳಿಗ್ಗೆ 7ಕ್ಕೆ ಇಳಿದರೂ ಕೂತಿರುವುದು 7 ಗಂಟೆಯೇ. ಅಮ್ಮನಿಗೆ ನಡುದಾರಿ ಪಕ್ಕದ ಸೀಟೇ ತೆಗೆದುಕೊಳ್ಳಿ. ನನ್ನ ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ ತಪ್ಪು ಮಾಡಿದ್ದೆ. ಪಕ್ಕದವರನ್ನು ಎಬ್ಬಿಸೋಕೆ ಸಂಕೋಚಪಟ್ಟು ಅವರು ಏಳಲೇ ಇಲ್ಲ. ಇಳಿಯುವಾಗ ಪಾದ ಊದಿ ಚಪ್ಪಲಿ ಹಿಡಿಯಲಿಲ್ಲ. ವೀಲ್‌ಚೇರ್ ಬೇಕು ಅಂತ ಮೊದಲೇ ಹೇಳಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳ ಗ್ಲೋಬ್ ಮೇಲೆ ಹೊಲಿಗೆ ದಾರ ಎಳೆದು ನೋಡಿದೆವು. ಅಮ್ಮನೇ ಒಂದು ತುದಿ ಹಿಡಿದಿದ್ದರು. ಸೀಟು ಬದಲಾಯಿಸಿದ್ದೇನೆ. ವೀಲ್‌ಚೇರ್‌ಗೆ ನಾಳೆ ಫೋನ್ ಮಾಡುತ್ತೇನೆ.