ಸಹಾಯ ಬೇಕು: ತಮ್ಮ ಹಡಗು ಹತ್ತುವ ಮುಂಚೆ ಅಪ್ಪನ ಆಸ್ಪತ್ರೆ ಖರ್ಚಿಗೆ ದಾರಿ ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ತಮ್ಮ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಮುಂದಿನ ತಿಂಗಳು ಮುಂಬೈಯಿಂದ ಹೊರಡುತ್ತಾನೆ, ಮತ್ತೆ ಬರುವುದು ಒಂಬತ್ತು ತಿಂಗಳಿಗೆ.

ಅಪ್ಪನಿಗೆ ಈಗ 71. ಹೋದ ಮಳೆಗಾಲದಲ್ಲಿ ಎದೆನೋವು ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದೆವು. ಆಗ ತಮ್ಮ ನಡುಸಮುದ್ರದಲ್ಲಿದ್ದ, ಫೋನಿಗೆ ಸಿಗಲಿಲ್ಲ. ದುಡ್ಡೆಲ್ಲ ಅವನ ಖಾತೆಯಲ್ಲೇ ಇತ್ತು. ಅಮ್ಮ ಬಳೆ ಅಡ ಇಟ್ಟು ಬಿಲ್ ಕಟ್ಟಿದರು. ಆ ರಾತ್ರಿ ನೆನಪಾದರೆ ಈಗಲೂ ಕೈಕಾಲು ನಡುಗುತ್ತದೆ. ಅಡಿಕೆ ಕೊಯ್ಲು ಮುಗಿಯುವ ತನಕ ನಮ್ಮ ಕೈಯಲ್ಲಿ ಕಾಸು ಓಡಾಡುವುದಿಲ್ಲ, ನಿಮಗೂ ಗೊತ್ತಲ್ವಾ.

ತಮ್ಮನದು ಎನ್‌ಆರ್‌ಇ ಖಾತೆ, ಅಂದರೆ ಹೊರದೇಶದ ಗಳಿಕೆ ಇಡುವ ಖಾತೆ. ಅವನ ಪರವಾಗಿ ಖಾತೆ ನೋಡಿಕೊಳ್ಳಲು ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ (ಅಧಿಕಾರ ಪತ್ರ) ಮಾಡಿಸುವುದು ಒಳ್ಳೆಯದಾ? ಅಥವಾ ಸಂಬಳದ ಒಂದು ಪಾಲನ್ನು ಕಂಪನಿಯೇ ಪ್ರತಿ ತಿಂಗಳು ಅಮ್ಮನ ಖಾತೆಗೆ ಹಾಕುವಂತೆ ಬರೆದುಕೊಡುವುದಾ? ಹಡಗಿನವರಿಗೆ ಈ ಅಲಾಟ್‌ಮೆಂಟ್ ಸೌಲಭ್ಯ ಇದೆ. ನನಗೆ ಎರಡೂ ಬೇಕು ಅನಿಸುತ್ತದೆ. ತಿಂಗಳ ಔಷಧಿಗೆ ಅಲಾಟ್‌ಮೆಂಟ್, ತುರ್ತಿಗೆ ಪವರ್ ಆಫ್ ಅಟಾರ್ನಿ.

ಅಪ್ಪ ಸಹಕಾರ ಸಂಘದ ಸದಸ್ಯರು. ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೊದಲೇ ಸ್ಟೆಂಟ್ ಆದವರಿಗೆ ಮತ್ತೆ ಹೃದಯದ ತೊಂದರೆ ಬಂದಾಗ ಅದರಲ್ಲಿ ಯಾರಿಗಾದರೂ ಚಿಕಿತ್ಸೆ ಸಿಕ್ಕಿದೆಯಾ?

ತಮ್ಮನಿಗೆ ಹಳದಿ ಜ್ವರದ ಲಸಿಕೆಯೂ ಆಗಬೇಕು. ಹಾಕಿಸಿದ ಹತ್ತು ದಿನದ ಮೇಲೆ ಅದರ ಸರ್ಟಿಫಿಕೇಟ್ ನಡೆಯುವುದು, ಹಾಗಾಗಿ ಸಮಯ ಕಮ್ಮಿ. ಮನೆಯಲ್ಲಿ ಹಡಗಿನವರು ಇದ್ದರೆ ದಯವಿಟ್ಟು ಹೇಳಿ, ನೀವು ಹೇಗೆ ಮಾಡಿಕೊಂಡಿರಿ?