ಮಾಲೀಕತ್ವದ ಮಿತಿ ತೆರವಾದ ಮೇಲೆ ಅಮೆರಿಕದ ರೇಡಿಯೊ ಜಾಲ ಬೆಳೆದದ್ದು ಹೇಗೆ, ಸಾಲಕ್ಕೆ ಸಿಕ್ಕಿದ್ದು ಏಕೆ?

ಪ್ರಸಾರಾಸಕ್ತ ಕೇಳಿದ ಪ್ರಶ್ನೆ:

ಅಮೆರಿಕದ ವಾಣಿಜ್ಯ ರೇಡಿಯೊದ ಇತಿಹಾಸ ಓದುವಾಗ ಒಂದು ಸಂಗತಿ ನನಗೆ ಕಗ್ಗಂಟಾಗಿಯೇ ಉಳಿದಿದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1972ರಲ್ಲಿ ಲೌರಿ ಮೇಸ್ ಮತ್ತು ರೆಡ್ ಮೆಕೂಂಬ್ಸ್ ಒಂದೇ ಒಂದು ಎಫ್‌ಎಂ ಕೇಂದ್ರವನ್ನು ಕೊಂಡು ಆರಂಭಿಸಿದ ಕ್ಲಿಯರ್ ಚಾನೆಲ್ ಸಂಸ್ಥೆಯ ಕೈಯಲ್ಲಿ 1996ರ ವೇಳೆಗೆ ಸುಮಾರು 40 ಕೇಂದ್ರಗಳಿದ್ದವು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಸುಮಾರು 1,200 ಕೇಂದ್ರಗಳ ಒಡೆಯನಾಯಿತು. ಅದೇ ಸಂಸ್ಥೆ ಐಹಾರ್ಟ್‌ಮೀಡಿಯಾ ಎಂಬ ಹೊಸ ಹೆಸರು ಹೊತ್ತು, 2,000 ಕೋಟಿ ಡಾಲರ್‌ಗೂ ಮೀರಿದ ಸಾಲದೊಂದಿಗೆ, 2018ರ ಮಾರ್ಚ್‌ನಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿತು. ಹತ್ತು ಕೇಂದ್ರಗಳನ್ನು ಒಬ್ಬನೇ ನಡೆಸಿದರೆ ಖರ್ಚು ಉಳಿಯುತ್ತದೆ ಎನ್ನುವುದೇ ಕ್ರೋಡೀಕರಣದ ಸಮರ್ಥನೆಯಾಗಿದ್ದರೆ, ಉಳಿದ ಹಣವೆಲ್ಲ ಎಲ್ಲಿಗೆ ಹೋಯಿತು? ಎನ್‌ಬಿಸಿ, ಸಿಬಿಎಸ್‌ಗಳ ಕಾಲದ ಜಾಲಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ತರಂಗ ಅವರ ಉತ್ತರ:

ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಬೇಕಾದ ಹಿನ್ನೆಲೆ ಅಲ್ಲಿದೆ.

1926ರಲ್ಲಿ ಹುಟ್ಟಿದ ಎನ್‌ಬಿಸಿಯಾಗಲಿ, 1928ರಲ್ಲಿ ವಿಲಿಯಂ ಪೇಲಿಯವರ ಕೈಸೇರಿದ ಸಿಬಿಎಸ್ ಆಗಲಿ, ತಮ್ಮ ಕಾರ್ಯಕ್ರಮ ಬಿತ್ತರಿಸುವ ಕೇಂದ್ರಗಳ ಪೈಕಿ ಬೆರಳೆಣಿಕೆಯಷ್ಟನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಂಡಿದ್ದವು. ಮಿಕ್ಕವೆಲ್ಲ ಒಪ್ಪಂದದ ಮೇಲೆ ಸೇರಿದ ಸ್ವತಂತ್ರ ಕೇಂದ್ರಗಳು. ಪ್ರಾಯೋಜಕರಿಲ್ಲದ ಕಾರ್ಯಕ್ರಮಗಳಿಗೆ ಎನ್‌ಬಿಸಿ ತನ್ನ ಸಹಕೇಂದ್ರಗಳಿಂದ ಶುಲ್ಕ ಪಡೆಯುತ್ತಿದ್ದರೆ, ಪೇಲಿಯವರು ಅವನ್ನು ಪುಕ್ಕಟೆಯಾಗಿ ಕೊಟ್ಟು, ಅದಕ್ಕೆ ಪ್ರತಿಯಾಗಿ ಸಹಕೇಂದ್ರಗಳ ದಿನದ ಒಂದು ಭಾಗವನ್ನು ತಮ್ಮ ಪ್ರಾಯೋಜಕರಿಗಾಗಿ ಕಾಯ್ದಿರಿಸಿಕೊಂಡರು. ಜಾಹೀರಾತುದಾರನಿಗೆ ದೇಶದುದ್ದಗಲಕ್ಕೂ ಒಂದೇ ಗಂಟೆಯನ್ನು ಖಚಿತವಾಗಿ ಮಾರಲು ಅವರಿಗೆ ಸಾಧ್ಯವಾದದ್ದು ಇದರಿಂದಲೇ. ರೇಡಿಯೊ ಜಾಲದ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ವ್ಯವಹಾರ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಈ ಹಿಡಿತ ಅತಿಯಾಯಿತೆಂದು, ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯಾದ ಸಂವಹನ ಆಯೋಗ 1941ರಲ್ಲಿ ನಿಯಮ ರೂಪಿಸಿತು, 1943ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎನ್‌ಬಿಸಿ ತನ್ನ ಎರಡು ಜಾಲಗಳಲ್ಲಿ ಒಂದಾದ ‘ಬ್ಲೂ’ ಜಾಲವನ್ನು ಎಡ್ವರ್ಡ್ ನೋಬಲ್ ಅವರಿಗೆ 80 ಲಕ್ಷ ಡಾಲರ್‌ಗೆ ಮಾರಬೇಕಾಯಿತು. ಮುಂದೆ ಎಬಿಸಿ ಎನಿಸಿಕೊಂಡದ್ದು ಅದೇ.

ಕ್ಲಿಯರ್ ಚಾನೆಲ್‌ನ ದಾರಿ ಬೇರೆ. ಅದು ಒಪ್ಪಂದದ ಗೋಜಿಗೆ ಹೋಗದೆ ಪರವಾನಗಿಯನ್ನೇ ಕೊಂಡಿತು. 1953ರ ನಿಯಮದಂತೆ ಒಬ್ಬ ಮಾಲೀಕನಿಗೆ ಇಡೀ ದೇಶದಲ್ಲಿ ಏಳು ಎಎಂ ಮತ್ತು ಏಳು ಎಫ್‌ಎಂ ಕೇಂದ್ರಗಳಿಗಿಂತ ಹೆಚ್ಚು ಇರುವಂತಿರಲಿಲ್ಲ. ಈ ಮಿತಿ ಎಂಬತ್ತರ ದಶಕದಲ್ಲಿ ಹನ್ನೆರಡಕ್ಕೆ ಏರಿ, ತೊಂಬತ್ತರ ದಶಕದ ಆರಂಭದಲ್ಲಿ ಇನ್ನಷ್ಟು ಸಡಿಲಗೊಂಡು, 1996ರ ಫೆಬ್ರುವರಿ 8ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ದೂರಸಂಪರ್ಕ ಕಾಯ್ದೆಯೊಂದಿಗೆ ರಾಷ್ಟ್ರಮಟ್ಟದಲ್ಲಿ ಪೂರ್ತಿ ಇಲ್ಲವಾಯಿತು. ಉಳಿದದ್ದು ಊರಿನ ಮಟ್ಟದ ಮಿತಿ ಮಾತ್ರ: 45 ಅಥವಾ ಹೆಚ್ಚು ಕೇಂದ್ರಗಳಿರುವ ಮಾರುಕಟ್ಟೆಯಲ್ಲಿ ಒಬ್ಬನಿಗೆ ಎಂಟರವರೆಗೆ, ಚಿಕ್ಕ ಊರುಗಳಲ್ಲಿ ಐದರವರೆಗೆ.

ಲಾಭದ ಗುಟ್ಟು ಈ ಎಂಟರಲ್ಲಿತ್ತು. ಒಂದೇ ಕಟ್ಟಡ, ಒಂದೇ ಎಂಜಿನಿಯರಿಂಗ್ ವಿಭಾಗ, ಎಂಟೂ ಕೇಂದ್ರಗಳ ಸಮಯವನ್ನು ಒಟ್ಟಾಗಿ ಮಾರುವ ಒಂದೇ ಜಾಹೀರಾತು ತಂಡ. ಒಂದು ಕೇಂದ್ರ ಕಂಟ್ರಿ ಸಂಗೀತ, ಇನ್ನೊಂದು ರಾಕ್, ಮತ್ತೊಂದು ಮಾತುಕತೆ ಎಂದು ಹಂಚಿಕೊಂಡರೆ ತನ್ನದೇ ಕೇಂದ್ರಗಳು ಕೇಳುಗರಿಗಾಗಿ ಪರಸ್ಪರ ಕಚ್ಚಾಡುವುದೂ ತಪ್ಪುತ್ತಿತ್ತು. 1996ರಿಂದ 2002ರೊಳಗೆ ದೇಶದಲ್ಲಿ ಕೇಂದ್ರಗಳ ಸಂಖ್ಯೆ ಕೊಂಚ ಹೆಚ್ಚಿತಾದರೂ ಮಾಲೀಕರ ಸಂಖ್ಯೆ ಸುಮಾರು ಮೂರನೇ ಒಂದರಷ್ಟು ಇಳಿಯಿತು.

ಊರ ಕೇಳುಗ ಅವರ ಉತ್ತರ:

ಮೇಲಿನ ವಿವರಣೆಯಲ್ಲಿ ಕೇಳುಗನ ಸುದ್ದಿಯೇ ಬರಲಿಲ್ಲ. ಉಳಿತಾಯದ ದೊಡ್ಡ ಪಾಲು ಬಂದದ್ದು ನಿರೂಪಕರನ್ನು ಕಡಿತಗೊಳಿಸಿದ್ದರಿಂದ. ಬೇರೊಂದು ನಗರದಲ್ಲಿ ಕುಳಿತ ನಿರೂಪಕ ತನ್ನ ಮಾತಿನ ತುಣುಕುಗಳನ್ನು ಮೊದಲೇ ಧ್ವನಿಮುದ್ರಿಸಿಡುತ್ತಾನೆ. ಹಾಡು ಮತ್ತು ಜಾಹೀರಾತುಗಳ ನಡುವೆ ಅವನ್ನು ಪೋಣಿಸುವುದು ಕಂಪ್ಯೂಟರ್. ಒಬ್ಬನೇ ಹೀಗೆ ಹಲವು ಊರುಗಳ ‘ಸ್ಥಳೀಯ’ ದನಿಯಾಗಬಲ್ಲ.

ಇದರ ಪರಿಣಾಮವೇನೆಂಬ ಚರ್ಚೆ ಬಂದಾಗಲೆಲ್ಲ ನಾರ್ತ್ ಡಕೋಟದ ಮೈನಾಟ್ ಪಟ್ಟಣದ ಹೆಸರು ಬರುತ್ತದೆ. 2002ರ ಜನವರಿ 18ರ ನಡುರಾತ್ರಿಯ ನಂತರ ಅಲ್ಲಿ ರೈಲು ಹಳಿ ತಪ್ಪಿ ಅಮೋನಿಯ ಅನಿಲ ಹರಡಿತು, ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ಊರಿನ ಆರೂ ವಾಣಿಜ್ಯ ಕೇಂದ್ರಗಳು ಕ್ಲಿಯರ್ ಚಾನೆಲ್‌ನವು, ಮತ್ತು ಎಚ್ಚರಿಕೆ ಬಿತ್ತರಿಸಲು ಪೊಲೀಸರು ಮಾಡಿದ ದೂರವಾಣಿ ಕರೆಗಳಿಗೆ ಉತ್ತರ ಸಿಗಲಿಲ್ಲವೆಂಬ ದೂರು ಎದ್ದಿತು. ತುರ್ತು ಪ್ರಸಾರದ ಉಪಕರಣವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಎಂದು ಸಂಸ್ಥೆ ವಾದಿಸಿತು. ಆ ವಾದವನ್ನು ಒಪ್ಪಿದರೂ, ಕರೆ ಎತ್ತಿಕೊಳ್ಳಬಲ್ಲ ಇನ್ನೊಬ್ಬ ಮಾಲೀಕ ಆ ಊರಿನಲ್ಲಿ ಇರಲಿಲ್ಲ ಎಂಬ ಮಾತು ಹಾಗೆಯೇ ನಿಲ್ಲುತ್ತದೆ. ಕೇಳುಗರನ್ನು ಹೀಗೆ ಕಡೆಗಣಿಸಿದ್ದೇ ಸಂಸ್ಥೆಯ ಪತನಕ್ಕೆ ಮೂಲ ಎಂಬುದು ನನ್ನ ಅಭಿಪ್ರಾಯ.

ಜಮಾಖರ್ಚು ಅವರ ಉತ್ತರ:

ಮೈನಾಟ್‌ನ ವಿಷಯದಲ್ಲಿ ನನ್ನ ತಕರಾರಿಲ್ಲ, ಕೊನೆಯ ವಾಕ್ಯದ ಬಗ್ಗೆ ಇದೆ. ಕೇಂದ್ರಗಳು ಕೊನೆಯವರೆಗೂ ಲಾಭ ತರುತ್ತಲೇ ಇದ್ದವು. ಆ ಲಾಭ ಬಡ್ಡಿಗೆ ಸಾಲದಾಗಿತ್ತು.

ಪ್ರಶ್ನೆ ಕೇಳಿದವರು ಉಳಿದ ಹಣ ಎಲ್ಲಿಗೆ ಹೋಯಿತು ಎಂದಿದ್ದಾರೆ. ಅದರ ಬಹುಪಾಲು ಹೋದದ್ದು ಕೇಂದ್ರಗಳನ್ನು ಮಾರಿದವರ ಜೇಬಿಗೆ. 1996ರ ನಂತರ ಎಲ್ಲರೂ ಏಕಕಾಲಕ್ಕೆ ಕೊಳ್ಳಲು ಮುಗಿಬಿದ್ದದ್ದರಿಂದ, ಮುಂದೆ ಉಳಿಯಬಹುದಾದ ಖರ್ಚನ್ನೆಲ್ಲ ಮೊದಲೇ ಲೆಕ್ಕಹಾಕಿ ಬೆಲೆಯೊಳಗೆ ಸೇರಿಸಿಯೇ ಮಾರಾಟ ನಡೆಯುತ್ತಿತ್ತು. 1999ರಲ್ಲಿ ಘೋಷಣೆಯಾಗಿ 2000ದಲ್ಲಿ ಮುಗಿದ ಎಎಂಎಫ್‌ಎಂ ಎಂಬ ರೇಡಿಯೊ ಸಂಸ್ಥೆಯ ವಿಲೀನವೊಂದರ ಮೌಲ್ಯವೇ ಸಾಲವೂ ಸೇರಿ 2,300 ಕೋಟಿ ಡಾಲರ್ ದಾಟಿತ್ತು. ಸಿಬ್ಬಂದಿಯನ್ನು ಒಮ್ಮೆ ಕಡಿತಗೊಳಿಸಿದ ಮೇಲೆ ಅದೇ ಉಳಿತಾಯವನ್ನು ಮರುವರ್ಷ ಇನ್ನೊಮ್ಮೆ ತೋರಿಸಲಾಗದು; ಬೆಳವಣಿಗೆ ಕಾಣಿಸಬೇಕಾದರೆ ಇನ್ನೊಂದು ಸಂಸ್ಥೆಯನ್ನು ಕೊಳ್ಳಬೇಕು. ಕೊಳ್ಳಲು ಏನೂ ಉಳಿಯದಿದ್ದಾಗ ಗಂಟೆಗೆ ಬಿತ್ತರಿಸುವ ಜಾಹೀರಾತುಗಳನ್ನು ಹೆಚ್ಚಿಸಬೇಕು. ಅದೂ ಅತಿಯಾಯಿತೆಂದು ಕ್ಲಿಯರ್ ಚಾನೆಲ್ ತಾನೇ 2004ರಲ್ಲಿ ಜಾಹೀರಾತಿನ ನಿಮಿಷಗಳನ್ನು ಕಡಿಮೆ ಮಾಡಿ, ಅರವತ್ತು ಸೆಕೆಂಡುಗಳ ಬದಲು ಮೂವತ್ತು ಸೆಕೆಂಡುಗಳವನ್ನು ಮಾರುವ ಯೋಜನೆ ಪ್ರಕಟಿಸಿತು.

ನಿಜವಾದ ಹೊರೆ ಬಿದ್ದದ್ದು ಆಮೇಲೆ. ಬೇನ್ ಕ್ಯಾಪಿಟಲ್ ಮತ್ತು ಥಾಮಸ್ ಎಚ್. ಲೀ ಎಂಬ ಖಾಸಗಿ ಹೂಡಿಕೆ ಸಂಸ್ಥೆಗಳು 2006ರಲ್ಲಿ ಇಡೀ ಕಂಪನಿಯನ್ನು ಕೊಳ್ಳಲು ಒಪ್ಪಿದವು. ವ್ಯವಹಾರ ಮುಗಿಯುವ ಮೊದಲೇ ಸಾಲದ ಮಾರುಕಟ್ಟೆ ಕೆಟ್ಟು, ಹಣ ಕೊಡಬೇಕಿದ್ದ ಬ್ಯಾಂಕುಗಳು ಹಿಂದೇಟು ಹಾಕಿ, ವಿಷಯ ನ್ಯಾಯಾಲಯಕ್ಕೆ ಹೋಗಿ, ಷೇರಿನ ಬೆಲೆ 39.20 ಡಾಲರ್‌ನಿಂದ 36ಕ್ಕೆ ಇಳಿದು, 2008ರ ಜುಲೈನಲ್ಲಿ ಅಂತೂ ಕೈಬದಲಾಯಿತು. ಕೊಳ್ಳಲು ಎತ್ತಿದ ಸಾಲ ಕೊಂಡವರ ಲೆಕ್ಕಕ್ಕೆ ಹೋಗದೆ ಕಂಪನಿಯ ಲೆಕ್ಕಕ್ಕೇ ಬಿತ್ತು, ಅದೂ ಜಾಹೀರಾತಿನ ಆದಾಯ ಕುಸಿಯುತ್ತಿದ್ದ ಹೊತ್ತಿಗೆ. 2019ರ ಮೇ ತಿಂಗಳಲ್ಲಿ ದಿವಾಳಿ ಪ್ರಕ್ರಿಯೆಯಿಂದ ಹೊರಬರುವಾಗ, ಆ ಪ್ರಕ್ರಿಯೆಗೆ ಒಳಪಟ್ಟಿದ್ದ ಸಾಲ ಸುಮಾರು 1,600 ಕೋಟಿ ಡಾಲರ್‌ನಿಂದ 575 ಕೋಟಿಗೆ ಇಳಿದಿತ್ತು. ಇತರ ರೇಡಿಯೊ ಸಂಸ್ಥೆಗಳ ಪೈಕಿ, 2011ರಲ್ಲಿ ಸಿಟಡೆಲ್ ಅನ್ನು ಕೊಂಡ ಕ್ಯುಮುಲಸ್ 2017ರಲ್ಲಿ, ಸಿಬಿಎಸ್ ರೇಡಿಯೊವನ್ನು ಸೇರಿಸಿಕೊಂಡು ಆಡಸಿ ಎಂದು ಹೆಸರು ಬದಲಿಸಿದ ಎಂಟರ್‌ಕಾಮ್ 2024ರಲ್ಲಿ ಇದೇ ಬಾಗಿಲು ತಟ್ಟಿದವು.

ಪ್ರಸಾರಾಸಕ್ತ:

ಮೂವರಿಗೂ ಧನ್ಯವಾದಗಳು. ಇಷ್ಟು ದೊಡ್ಡ ವಿಲೀನಕ್ಕೆ ಸ್ಪರ್ಧಾ ಕಾನೂನು ಅಡ್ಡ ಬರಲಿಲ್ಲವೇ?

ಹಳೆಯ ತರಂಗ:

ಬಂತು, ಆದರೆ ಊರಿನ ಲೆಕ್ಕದಲ್ಲಿ. ಎಎಂಎಫ್‌ಎಂ ವಿಲೀನಕ್ಕೆ ಒಪ್ಪಿಗೆ ಕೊಡುವ ಮೊದಲು ನ್ಯಾಯ ಇಲಾಖೆ ನೂರರಷ್ಟು ಕೇಂದ್ರಗಳನ್ನು ಮಾರಿಸಿತು. ಒಂದು ನಗರದ ಜಾಹೀರಾತು ದರವನ್ನು ಒಬ್ಬನೇ ನಿರ್ಧರಿಸುವಂತಾಗಬಾರದು ಎಂಬುದು ಅದರ ಅಳತೆಗೋಲು. ದೇಶದಲ್ಲಿ ಒಬ್ಬನಿಗೆ ಒಟ್ಟು ಎಷ್ಟಿರಬೇಕು ಎಂಬುದನ್ನು ಕಾಯ್ದೆ ಆಗಲೇ ಕೈಬಿಟ್ಟಿತ್ತು.

ಬ್ರಿಟನ್ನಿನ ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. 2007ರಲ್ಲಿ ಆರಂಭವಾದ ಗ್ಲೋಬಲ್ ಎಂಬ ರೇಡಿಯೊ ಸಂಸ್ಥೆಯು ಕ್ರಿಸಾಲಿಸ್ ಮತ್ತು ಜಿಕ್ಯಾಪ್ ಸಂಸ್ಥೆಗಳನ್ನು ಕೊಂಡು, 2012ರಲ್ಲಿ ಗಾರ್ಡಿಯನ್ ಸಮೂಹದ ಕೇಂದ್ರಗಳನ್ನೂ ಪಡೆದಾಗ, ಸ್ಪರ್ಧಾ ಆಯೋಗ ಕೆಲವನ್ನು ಮಾರಲು ಆದೇಶಿಸಿತು. 2014ರಲ್ಲಿ ಎಂಟು ಕೇಂದ್ರಗಳು ಕಮ್ಯುನಿಕಾರ್ಪ್ ಎಂಬ ಇನ್ನೊಂದು ಸಂಸ್ಥೆಯ ಪಾಲಾದವು. ಹಾಗಿದ್ದೂ ಅವುಗಳಲ್ಲಿ ಹಾರ್ಟ್, ಕ್ಯಾಪಿಟಲ್, ಸ್ಮೂತ್ ಎಂಬ ಗ್ಲೋಬಲ್‌ನ ಹೆಸರುಗಳೂ ಕಾರ್ಯಕ್ರಮಗಳೂ ಪರವಾನಗಿ ಒಪ್ಪಂದದ ಮೇಲೆ ಕೇಳಿಬರುತ್ತಿದ್ದವು. ಮಾಲೀಕ ಬದಲಾದ, ಪ್ರಸಾರ ಬಹುಮಟ್ಟಿಗೆ ಅದೇ ಉಳಿಯಿತು. ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2018ರಲ್ಲಿ ಸ್ಥಳೀಯತೆಯ ನಿಯಮಗಳನ್ನು ಸಡಿಲಿಸಿದ್ದೇ ತಡ, ಮರುವರ್ಷ ಹಾರ್ಟ್ ಊರೂರಿನ ಬೆಳಗಿನ ಕಾರ್ಯಕ್ರಮಗಳನ್ನು ನಿಲ್ಲಿಸಿ, ಲಂಡನ್ನಿನಿಂದ ಒಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಆದ್ದರಿಂದ ಪರವಾನಗಿ ಯಾರ ಹೆಸರಿನಲ್ಲಿದೆ ಎಂಬುದರ ಜೊತೆಗೆ, ಸ್ಥಳೀಯವಾಗಿ ಎಷ್ಟು ಗಂಟೆ ಪ್ರಸಾರ ಮಾಡಬೇಕೆಂಬ ಕಟ್ಟುಪಾಡು ಇದೆಯೇ ಎಂಬುದನ್ನೂ ತಾವು ನೋಡಬೇಕು.