ಮಾರುತಿ 800 ಕಾರ್ಬುರೇಟರ್ ಗಾಡಿಗೆ ಹಳೇ ಹೆಡ್: ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ತುಮಕೂರು_800:
ಎಲ್ಲರಿಗೂ ನಮಸ್ಕಾರ. ಗಾಡಿ 1997ರ ಮಾರುತಿ 800, ಕಾರ್ಬುರೇಟರ್ ಎಂಜಿನ್. ಸಿಲಿಂಡರ್ ಹೆಡ್‌ನಲ್ಲಿ, ಅಂದ್ರೆ ಎಂಜಿನ್ ಬ್ಲಾಕ್ ಮೇಲೆ ಕೂರೋ ಭಾಗದಲ್ಲಿ, ವಾಲ್ವ್ ಸೀಟುಗಳ ನಡುವೆ ಬಿರುಕು ಬಂದಿದೆ, ಲೇತ್‌ನವರು ಬೇರೆ ಹೆಡ್ ಹುಡುಕಿ ಅಂತಿದ್ದಾರೆ. ಚಿಂತಾಮಣಿ ಕಡೆಯವರೊಬ್ಬರು ವಾಲ್ವ್ ಒತ್ತೋ ಕ್ಯಾಮ್, ರಾಕರ್ ಸಮೇತ ಒಂದು ಹೆಡ್ ಮಾರಾಟಕ್ಕೆ ಇಟ್ಟಿದ್ದಾರೆ. ಮೇಲಿಂದ ತೆಗೆದ ಒಂದೇ ಫೋಟೋ, ಬೆಳ್ಳಿ ಬಣ್ಣ ಹೊಡೆದಿದ್ದಾರೆ. ಬಸ್ ಪಾರ್ಸೆಲ್‌ನಲ್ಲಿ ಕಳಿಸ್ತಾರಂತೆ, ಆದರೆ ಪೂರ್ತಿ ದುಡ್ಡು ಮೊದಲೇ ಬೇಕಂತೆ. ಇಲ್ಲೇ ಆಲ್ಟೋ ಹೆಡ್ ಸಿಗುತ್ತೆ, ಅದು ಕೂರುತ್ತಾ? ಹೆಡ್ ಬದಲಾಯಿಸಿದರೆ ಆರ್‌ಸಿಯಲ್ಲಿ ಬರೆಸಬೇಕಾ?

ಕೋಲಾರ_ಗ್ಯಾರೇಜ್:
ಆಲ್ಟೋದು ಬೇಡ. ಎರಡೂ 796 ಸಿಸಿ, ಮೂರು ಸಿಲಿಂಡರ್ ನಿಜ, ಆದರೆ ನಿಮ್ಮದು ಎಫ್8ಬಿ ಎಂಜಿನ್, 6 ವಾಲ್ವ್. ಆಲ್ಟೋದು ಎಫ್8ಡಿ, 12 ವಾಲ್ವ್. ಹೆಡ್ಡೂ ಮ್ಯಾನಿಫೋಲ್ಡೂ ಬೇರೆ ಬೇರೆ.

ಹೆಡ್ ಮಗುಚಿ, ಗ್ಯಾಸ್ಕೆಟ್ (ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್ ಹಾಳೆ) ಕೂರೋ ಮುಖದ ಫೋಟೋ ಹಗಲು ಬೆಳಕಲ್ಲಿ ತೆಗೆದು ಕಳಿಸೋಕೆ ಹೇಳಿ. ನೋಡಬೇಕಾದ್ದು ನೀರಿನ ತೂತುಗಳ ಅಂಚು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳು ಬಹಳ. ಆ ಗಡಸು ನೀರು ಅಲ್ಯೂಮಿನಿಯಂ ತಿಂದು, ತೂತಿನ ಅಂಚು ಗುಳಿ ಬಿದ್ದು ಅಗಲವಾಗುತ್ತೆ. ಗ್ಯಾಸ್ಕೆಟ್‌ನ ಸಿಲಿಂಡರ್ ಸುತ್ತಿನ ಉಕ್ಕಿನ ರಿಂಗ್ ಕೂರೋ ಜಾಗದವರೆಗೂ ಸವೆತ ಬಂದಿದ್ದರೆ ಆ ಹೆಡ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅಷ್ಟು ದೂರ ಬಂದಿಲ್ಲ ಅಂದ್ರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಫೇಸಿಂಗ್ (ಮುಖ ಕೆತ್ತಿ ಸಮ ಮಾಡೋದು) ಹೊಡೆಸಬಹುದು, ಆದರೆ ಆ ಕಾವಿಗೆ ವಾಲ್ವ್ ಸೀಟ್ ಸಡಿಲವಾಗೋ ಭಯ ಇರುತ್ತೆ, ಆಮೇಲೆ ಸೀಟ್ ಚೆಕ್ ಮಾಡಿಸಲೇಬೇಕು. ಕೆಲವರು ಗುಳಿಗೆ ಎಂ-ಸೀಲ್ ಅಂಟು ತುಂಬಿ ಉಜ್ಜಿರ್ತಾರೆ. ಸ್ಕ್ರೂಡ್ರೈವರ್ ತುದಿಯಲ್ಲಿ ಗೀರಿದರೆ ಅಲ್ಯೂಮಿನಿಯಂ ಹೊಳೆಯುತ್ತೆ, ಎಂ-ಸೀಲ್ ಪುಡಿಯಾಗಿ ಉದುರುತ್ತೆ. ಬಣ್ಣ ಹೊಡೆದ ಹೆಡ್ ಅಂದ್ರೆ ಇದನ್ನು ಬಿಡದೆ ನೋಡಿ.

ಆರ್‌ಸಿ ಚಿಂತೆ ಬೇಡ. ಎಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಪೂರ್ತಿ ಎಂಜಿನ್ ಬದಲಾದರೆ ಮಾತ್ರ ಆರ್‌ಟಿಓಗೆ ಹೋಗಬೇಕು. ಆದರೂ ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ನಂಬರ್ ಸಮೇತ ಒಂದು ಚೀಟಿ ಬರೆಸಿಕೊಳ್ಳಿ, ಕಳವು ಮಾಲಿನ ತಂಟೆ ಇರಲ್ಲ.

ಗೌರಿಬಿದನೂರು_ಫಿಟ್ಟರ್:
ಮೇಲಿನವರು ಹೇಳಿದ್ದು ಸರಿ, ಆದರೆ ಫೇಸಿಂಗ್ ಹೊಡೆಸಿದರೆ ಎಲ್ಲಾ ಸರಿಹೋಗುತ್ತೆ ಅಂತ ಯಾರೂ ಅಂದುಕೊಳ್ಳಬಾರದು. ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆಯಿರಿ. ಸಂದು ಅಳೆಯೋ ತೆಳು ಎಲೆ, 0.05 ಮಿ.ಮೀ. ಫೀಲರ್ ಗೇಜ್, ಎಲ್ಲೂ ತೂರಬಾರದು. ಬಿಸಿಯಾಗಿ ಬಗ್ಗಿದ ಹೆಡ್‌ನಲ್ಲಿ ಕೆಳಗಿನ ಮುಖ ಮಾತ್ರ ಅಲ್ಲ, ಕ್ಯಾಮ್ ಕೂರೋ ತೂತುಗಳೂ ಸಾಲು ತಪ್ಪಿರುತ್ತವೆ. ಮುಖ ಕೆತ್ತಿಸಿದರೆ ಆ ಸಾಲು ನೆಟ್ಟಗಾಗಲ್ಲ. ರಾಕರ್ ಶಾಫ್ಟ್ ಬಿಚ್ಚಿ, ಎಣ್ಣೆ ಬಿಟ್ಟು, ಕ್ಯಾಮ್ ಕೈಯಲ್ಲಿ ತಿರುಗಿಸಿ. ಒಂದು ಸುತ್ತಿನಲ್ಲಿ ಎಲ್ಲಾದರೂ ಬಿಗಿಯಾದರೆ ಕ್ಯಾಮ್ ಬಗ್ಗಿದೆ ಅಥವಾ ಹೆಡ್ ಬಗ್ಗಿದೆ. ಹಾಗೇ ಹಾಕಿದರೆ ಜರ್ನಲ್ (ಕ್ಯಾಮ್ ತಿರುಗೋ ಜಾಗ) ಕಚ್ಚಿಕೊಂಡು ಟೈಮಿಂಗ್ ಬೆಲ್ಟ್‌ಗೂ ಏಟು ಬೀಳುತ್ತೆ.

ರಾಕರ್ ಬಿಚ್ಚಿದಾಗ ಎಲ್ಲಾ ವಾಲ್ವ್ ಮುಚ್ಚಿರುತ್ತೆ. ಪ್ಲಗ್ ಹಾಕಿ, ಮಗುಚಿ, ಮೂರೂ ಚೇಂಬರ್‌ಗೆ ಸೀಮೆಎಣ್ಣೆ ಬಿಡಿ. ಹತ್ತು ನಿಮಿಷದೊಳಗೆ ಪೋರ್ಟ್‌ನಲ್ಲಿ (ವಾಲ್ವ್ ಹಿಂದಿನ ದಾರಿ) ಇಳಿದರೆ ಲ್ಯಾಪಿಂಗ್, ಅಂದ್ರೆ ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸೋ ಕೆಲಸ ಇದೆ. ಅದು ದೊಡ್ಡ ಖರ್ಚಲ್ಲ, ರೇಟ್ ಇಳಿಸಿ ತಗೊಳ್ಳಿ. ಪ್ಲಗ್‌ನ 14 ಮಿ.ಮೀ. ಥ್ರೆಡ್ ಬೆರಳಲ್ಲಿ ಕೊನೆತನಕ ಓಡಬೇಕು.

ತುಮಕೂರು_800:
ಕೆಳಗಿನ ಫೋಟೋ ಕಳಿಸಿದ್ದಾರೆ. ಕೊನೇ ಸಿಲಿಂಡರ್ ಪಕ್ಕದ ನೀರಿನ ತೂತು ಒಂದು ಕಡೆ ಅಗಲವಾಗಿದೆ, ರಿಂಗ್ ಗುರುತಿಗೆ ಸುಮಾರು 3 ಮಿ.ಮೀ. ದೂರ. ಉಳಿದದ್ದು ಚೊಕ್ಕ. ಪಾರ್ಸೆಲ್‌ಗೆ ಏನು ಹೇಳಲಿ?

ಕೋಲಾರ_ಗ್ಯಾರೇಜ್:
ವೆಲ್ಡಿಂಗ್, ಫೇಸಿಂಗ್ ಖರ್ಚು ಕಳೆದು ರೇಟ್ ಮಾತಾಡಿ. ಅರ್ಧ ಈಗ, ಅರ್ಧ ಕ್ಯಾಮ್ ಮತ್ತು ಸೀಮೆಎಣ್ಣೆ ಪರೀಕ್ಷೆ ಆದಮೇಲೆ ಅಂತ ಮೆಸೇಜ್‌ನಲ್ಲೇ ಬರೆದು ಒಪ್ಪಿಸಿ. ಒಪ್ಪದಿದ್ದರೆ ಗೇಜ್ ಹಿಡಿದು ಚಿಂತಾಮಣಿಗೇ ಹೋಗಿ ನೋಡಿ.

ಗೌರಿಬಿದನೂರು_ಫಿಟ್ಟರ್:
ಕಳಿಸೋ ಮುಂಚೆ ರಾಕರ್ ಸ್ಕ್ರೂ ಪೂರ್ತಿ ಸಡಿಲ ಮಾಡೋಕೆ ಹೇಳಿ. ಕ್ಯಾಮ್ ಒತ್ತಿದ ವಾಲ್ವ್ ಮುಖದಿಂದ ಆಚೆ ಚಾಚಿಕೊಂಡಿರುತ್ತೆ, ಬಸ್ಸಿನಿಂದ ಇಳಿಸುವಾಗ ದಡಕ್ಕಂತ ಇಟ್ಟರೆ ಬಗ್ಗುತ್ತೆ. ಮುಖಕ್ಕೆ ಪ್ಲೈವುಡ್ ಇಟ್ಟು, ಹೆಡ್ ಬೋಲ್ಟ್ ತೂತಿನಲ್ಲೇ ನಟ್ ಬೋಲ್ಟ್ ಹಾಕಿ ಬಿಗಿಯಲಿ, ಪ್ಲಗ್ ಬಿಚ್ಚಿ ಬೇರೆ ಚೀಲದಲ್ಲಿ ಇಡಲಿ.

ಕೂರಿಸುವಾಗ ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್ ಮೂರೂ ಹೊಸದೇ ಹಾಕಿ, ಇವನ್ನು ಹಳೇದರಲ್ಲಿ ಹುಡುಕಬೇಡಿ. ಬ್ಲಾಕ್‌ನ ಬೋಲ್ಟ್ ತೂತಲ್ಲಿ ನೀರು, ಎಣ್ಣೆ ಉಳಿದಿದ್ದರೆ ಟಾರ್ಕ್ (ಬಿಗಿತದ ಅಳತೆ) ಸುಳ್ಳು ತೋರಿಸುತ್ತೆ, ಗಾಳಿ ಹೊಡೆದು ಒಣಗಿಸಿ. ಬೋಲ್ಟ್ ನಡುವಿನಿಂದ ಹೊರಗೆ, 2, 4, ಕೊನೆಗೆ 5.5ರಿಂದ 6 ಕೆಜಿ-ಮೀಟರ್, ಹೀಗೆ ಮೂರು ಸಲಕ್ಕೆ ಬಿಗಿಯಿರಿ. ರೇಡಿಯೇಟರ್‌ಗೆ ರೆಡಿ ಮಿಕ್ಸ್ ಕೂಲೆಂಟ್ ಬಿಟ್ಟು ಬೇರೇನೂ ಬೇಡ.